ಊಟಕ್ಕೆ ಮೂವತ್ತು ಕಿಲೋಮೀಟರ್

ಆ ಶನಿವಾರ ಮಧ್ಯಾಹ್ನ ಕೊಯಿಲದ ಅತ್ತಿಗೆಯ ಮನೆಯಲ್ಲಿ ಊಟ ಮುಗಿಸಿ ಕೈ ತೊಳೆಯಲು ಎದ್ದುಹೋದ ನನ್ನ ಗಂಡ ಅರ್ಧ ಗಂಟೆಯಾದರೂ ಒಳಗೆ ಬರಲಿಲ್ಲ. ಹೋಗುವಾಗ ಅಡುಗೆಮನೆಯಿಂದ ಎರಡು ಕಿಲೋ ಕಲ್ಲುಪ್ಪನ್ನೂ ಕೊಂಡುಹೋಗಿದ್ದರು ಎಂದು ಗೊತ್ತಾದದ್ದು, ಅತ್ತಿಗೆ ಉಪ್ಪಿನಕಾಯಿಗೆಂದು ತೆಗೆದಿಟ್ಟದ್ದನ್ನು ಹುಡುಕತೊಡಗಿದಾಗ.

ಅತ್ತಿಗೆ ಎಂದರೆ ಇವರ ಅಕ್ಕ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಹಗಲಿಗೆ ಮನೆಯ ಯಜಮಾನಿಕೆ ಪೂರ್ತಿ ಅವರದೇ.

"ಉಪ್ಪು ನಿನ್ನ ಗಂಡ ಕೊಂಡುಹೋದನಾ?"

"ಅವರಿಗೆ ಉಪ್ಪು ಎಂತಕ್ಕೆ ಅತ್ತಿಗೆ? ಕಡಿಮೆ ಮಾಡ್ಲಿಕ್ಕೆ ಡಾಕ್ಟ್ರು ಹೇಳಿದ್ದಾರೆ."

ಇಬ್ಬರೂ ಹಿತ್ತಿಲಿಗೆ ಹೋಗಿ ನೋಡಿದೆವು. ಗ್ರೈಂಡರ್ ಇಟ್ಟ ಶೆಡ್ಡಿನ ಬದಿಯಲ್ಲಿ ಸೊಂಟದವರೆಗೆ ಒಂದು ಹೊಂಡದೊಳಗೆ ಇವರು ನಿಂತಿದ್ದರು. ಬಿಳಿ ಅಂಗಿ ಪೇರಳೆ ಮರದ ಕೊಂಬೆಯಲ್ಲಿ ನೇತಾಡುತ್ತಿತ್ತು. ಉಟ್ಟದ್ದು ಅತ್ತಿಗೆಯ ಮಗನ ಹಳೆಯ ಲುಂಗಿ. ಅರ್ಧ ಗಂಟೆಯಲ್ಲಿ ಅಷ್ಟು ಆಳ ಹೇಗೆ ಎಂದು ಕೇಳಿದರೆ, ಹೊಂಡ ಅರ್ಧ ಮೊದಲೇ ಇತ್ತು, ಯಾವಾಗಲೋ ಬಾಳೆಗೆಂದು ತೆಗೆದದ್ದು ಎಂದರು.

"ಎಂತ ತಮ್ಮಾ ಇದು?" ಎಂದು ಅತ್ತಿಗೆ ಕೇಳಿದರು.

"ಅರ್ತಿಂಗ್ ಅಕ್ಕ. ನಮ್ಮ ಕಾರಿಗೆ."

"ನಿನ್ನ ಕಾರು ಎಲ್ಲಿ ಉಂಟು?"

"ತೆಗೊಳ್ಳಲಿಲ್ಲ ಇನ್ನೂ."

"ಕಾರು ಬರುವ ಮೊದಲೇ ಹೊಂಡವಾ?"

"ಮತ್ತೆ? ರಸ್ತೆಯವರ ಹಾಗೆ ಡಾಮರು ಹಾಕಿ ಆದ ಮೇಲೆ ತೋಡುದಾ?"

ಅತ್ತಿಗೆಗೆ ನಗು ಬಂತು. ನನಗೆ ಬರಲಿಲ್ಲ. ಅವರು ತೋಡುತ್ತಿದ್ದದ್ದು ಬರೀ ಹೊಂಡ ಅಲ್ಲ, ನನ್ನ ವಿರುದ್ಧದ ವಾದ ಎನ್ನುವುದು ನನಗೆ ಗೊತ್ತಿತ್ತು.

ಬಚ್ಚಲಿನ ಒಲೆಯಿಂದ ತೆಂಗಿನ ಗೆರಟೆಯ ಇದ್ದಲು ತಂದು ಒಂದು ಪದರ ಇದ್ದಲು, ಒಂದು ಪದರ ಉಪ್ಪು ಹಾಕಿದರು. ನಡುವೆ ಪೈಪು ನಿಲ್ಲಿಸಿದರು. ಪೈಪು ನಮ್ಮ ವ್ಯಾನಿನಲ್ಲೇ ಇತ್ತು, ಬೆಳಿಗ್ಗೆ ಹೊರಡುವಾಗ ನನಗೆ ಕಾಣದ ಹಾಗೆ ಹಾಕಿಕೊಂಡಿದ್ದರು. ಪೈಪಿನಿಂದ ಶೆಡ್ಡಿನ ಪ್ಲಗ್ಗಿಗೆ ತಂತಿ ಎಳೆದು, ಮಣ್ಣು ಮುಚ್ಚಿ, ಮೇಲೆ ನೀರು ನಿಲ್ಲುವ ಹಾಗೆ ಸಣ್ಣ ಗುಂಡಿ ಬಿಟ್ಟು ಅಕ್ಕನನ್ನು ಕರೆದರು.

"ಇದಕ್ಕೆ ದಿನಾ ಒಂದು ಕೊಡ ನೀರು ಹಾಕ್ಬೇಕು. ಒಣಗಿದ್ರೆ ಅರ್ತ್ ಸಿಗುದಿಲ್ಲ."

"ಎಷ್ಟು ದಿನ ಹಾಕುದು?"

"ನಾನು ಸಾಕು ಹೇಳುವವರೆಗೆ."

ಬರುವಾಗ ದಾರಿಯಲ್ಲಿ ಹೋಟೆಲಿಗೆ ಹೊಕ್ಕೆವು. ಇವರು ಗೋಳಿಬಜೆ ತಿಂದರು, ನಾನು ಮೈಯಿಂದ ಅಂಗಿಗೆ ಹಿಡಿದ ಕೆಂಪು ಮಣ್ಣು ನೋಡಿ ಬೈದೆ. ಸಂಜೆಗೆ ಪುತ್ತೂರು ತಲುಪಿದೆವು. ಆ ದಿನ ಅದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ.

ಇದೆಲ್ಲ ಶುರುವಾದದ್ದು ಆ ಶನಿವಾರಕ್ಕೆ ಎರಡು ತಿಂಗಳ ಹಿಂದೆ. ಇವರು ಪುತ್ತೂರಿನಲ್ಲಿ ಪಂಪಿನ ಮೋಟಾರುಗಳ ವೈಂಡಿಂಗ್ ಮಾಡುತ್ತಿದ್ದರು. ಸುಟ್ಟುಹೋದ ಮೋಟಾರನ್ನು ಬಿಚ್ಚಿ, ಕಪ್ಪಾದ ತಂತಿ ಕಿತ್ತು, ಹೊಸದನ್ನು ಸುತ್ತಿ ಕೊಡುವ ಕೆಲಸ. ಮೋಟಾರು ಹೇರುತ್ತಿದ್ದ ನಮ್ಮ ವ್ಯಾನಿಗೆ ವಯಸ್ಸಾಗಿತ್ತು. ಹೈಸ್ಕೂಲಿನಲ್ಲಿ ಪಾಠ ಮಾಡುವ ನಮ್ಮ ಮಗಳು, ಇನ್ನು ಪೆಟ್ರೋಲಿನದ್ದು ಬೇಡ, ಕರೆಂಟಿನ ಕಾರು ತೆಗೆದುಕೊಳ್ಳುವ ಎಂದಳು. ಕರೆಂಟು ಎಂದದ್ದೇ ತಡ, ಇವರು ಅಂಗಡಿ ಮುಚ್ಚಿ ಶೋರೂಮಿಗೆ ಹೊರಟರು.

ಶೋರೂಮಿನ ಮೇಡಂ ಸತ್ಯ ಹೇಳುವವರು. ಕಾರು ಒಂದೇ, ಬ್ಯಾಟರಿ ಎರಡು ಬಗೆ ಎಂದರು. ಸಣ್ಣದರಲ್ಲಿ ಇಷ್ಟು ಓಡುತ್ತದೆ, ದೊಡ್ಡದರಲ್ಲಿ ಇಷ್ಟು ಎಂದು ಕಾಗದದಲ್ಲಿದ್ದ ಅಂಕಿ ತೋರಿಸಿ, ಆ ಅಂಕಿಯ ಮೇಲೆ ಬೆರಳಿಟ್ಟುಕೊಂಡೇ, "ಇದನ್ನು ನಂಬಬೇಡಿ, ನಮ್ಮ ಗುಡ್ಡದ ದಾರಿಗೆ ಸಣ್ಣದು ನೂರ ಎಂಬತ್ತು, ದೊಡ್ಡದು ಇನ್ನೂರ ಎಪ್ಪತ್ತು ಅಂತ ಇಟ್ಟುಕೊಳ್ಳಿ" ಎಂದರು.

ನಾನು ಕುಳಿತಲ್ಲೇ ದೊಡ್ಡದು ಎಂದೆ. ಇವರು ಸಣ್ಣದು ಎಂದರು. ಮೇಡಂ ನಮ್ಮಿಬ್ಬರನ್ನೂ ನೋಡಿ ಚಹಾ ತರಿಸಿದರು.

ದೊಡ್ಡದು ಯಾಕೆ ಎಂದು ಅಲ್ಲಿ ನಾನು ಹೇಳಲಿಲ್ಲ. ಇಲ್ಲಿ ಹೇಳಬಹುದು. ನನಗೆ ಮಾತು ಬರುವುದಿಲ್ಲ. ಯಾರ ಮನೆಗೆ ಹೋದರೂ ಕೊಟ್ಟ ನೀರು ಕುಡಿಯುತ್ತೇನೆ, ಆಮೇಲೆ ಚಹಾ ಕುಡಿಯುತ್ತೇನೆ, ಆಮೇಲೆ ಗೋಡೆಯ ಕ್ಯಾಲೆಂಡರ್ ಓದುತ್ತೇನೆ. ಸುಳ್ಯದಿಂದ ಕಡಬದವರೆಗೆ ಎಷ್ಟೋ ಮನೆಗಳಲ್ಲಿ ಯಾವ ತಿಂಗಳಿಗೆ ಯಾವ ದೇವರ ಚಿತ್ರ ಎಂದು ನನಗೆ ಬಾಯಿಪಾಠ. ದೊಡ್ಡ ಬ್ಯಾಟರಿ ಇದ್ದರೆ ಬೆಳಿಗ್ಗೆ ಹೊರಟು ಅಜ್ಜಾವರದ ನನ್ನ ತಮ್ಮನ ಮನೆಗೆ ಹೋಗಿ, ಸುತ್ತಮುತ್ತ ಎಲ್ಲ ಮುಗಿಸಿ, ಯಾರ ಅಂಗಳಕ್ಕೂ ಇಳಿಯದೆ ಸಂಜೆಗೆ ಮನೆಗೆ ಬರಬಹುದು. ನನಗೆ ಬೇಕಾದದ್ದು ಹೆಚ್ಚಿನ ಆ ತೊಂಬತ್ತು ಕಿಲೋಮೀಟರ್ ಅಲ್ಲ, ಯಾರಲ್ಲಿಯೂ ಕೂರದೆ ಬರುವ ದಾರಿ.

ಇವರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಸಣ್ಣದು ಎಂದದ್ದು.

"ದೊಡ್ಡ ಬ್ಯಾಟರಿ ಯಾರಿಗೆ ಗೊತ್ತುಂಟಾ? ನೆಂಟರು ಇಲ್ಲದವರಿಗೆ" ಎಂದು ಮನೆಗೆ ಬರುವಾಗ ದಾರಿಯುದ್ದಕ್ಕೂ ಹೇಳಿದರು. "ನಮಗೆ ಹತ್ತು ಮೈಲಿಗೆ ಒಂದು ಮನೆ ಉಂಟು. ಪ್ರತಿ ಮನೆಯಲ್ಲಿ ಗ್ರೈಂಡರಿನ ದೊಡ್ಡ ಪ್ಲಗ್ ಉಂಟು. ಹೋಗುದು, ಕಾರಿಗೆ ವಯರ್ ಸಿಕ್ಕಿಸುದು, ನಾವು ಎಲೆ ಮುಂದೆ ಕೂರುದು."

ಕಾರಿನ ಜೊತೆ ಕೊಡುವ ವಯರಿನಿಂದ ಮನೆಯ ಪ್ಲಗ್ಗಿನಲ್ಲಿ ಗಂಟೆಗೆ ಇಪ್ಪತ್ತು ಕಿಲೋಮೀಟರ್ ತುಂಬುತ್ತದೆ ಎಂದು ಮೇಡಂ ಹೇಳಿದ್ದನ್ನು ಇವರು ಹಿಡಿದುಕೊಂಡರು. ಗಂಟೆಯ ಲೆಕ್ಕ ಇವರಿಗೆ ಇಷ್ಟವಾಗಲಿಲ್ಲ. ಅದನ್ನು ನಮ್ಮ ಕಡೆಯ ಅಳತೆಗೆ ಬದಲಿಸಿದರು. ಚಹಾಕ್ಕೆ ಆರು ಕಿಲೋಮೀಟರ್. ಊಟಕ್ಕೆ ಮೂವತ್ತು. ಊಟದ ಮೇಲೆ ಚಾಪೆ ಹಾಕಿ ಕೊಟ್ಟರೆ ಅರವತ್ತು. ಕೋಳಿ ಮಾಡುವ ಮನೆಯಾದರೆ, ಅದನ್ನು ಹಿಡಿಯುವುದರಿಂದ ಶುರುವಾಗಬೇಕಾದ್ದರಿಂದ, ಬ್ಯಾಟರಿ ಪೂರ್ತಿ.

ಲೆಕ್ಕದಲ್ಲಿ ಒಂದೇ ತೊಡಕು. ಪ್ಲಗ್ಗಿನ ಅರ್ತ್ ಸರಿ ಇಲ್ಲದಿದ್ದರೆ ಆ ಕಾರು ಕರೆಂಟು ಕುಡಿಯುವುದಿಲ್ಲ. ತಂತಿಯೊಂದು ನೆಲದೊಳಗೆ ಸರಿಯಾಗಿ ಇಳಿದಿರಬೇಕು. ನಮ್ಮ ಕಡೆಯ ಮನೆಗಳಲ್ಲಿ ಎಷ್ಟೋ ಕಡೆ ಅದು ಗೋಡೆಯವರೆಗೆ ಬಂದು ಅಲ್ಲೇ ನಿಂತಿರುತ್ತದೆ. ಹಾಗಾಗಿ ನೆಂಟರನ್ನೆಲ್ಲ ಪರೀಕ್ಷೆ ಮಾಡಬೇಕು ಎಂದು ಇವರು ತೀರ್ಮಾನಿಸಿದರು.

ಮುಂದಿನ ಭಾನುವಾರದಿಂದ ನಮ್ಮ ತಿರುಗಾಟ ಶುರುವಾಯಿತು. ಇವರ ಪ್ಯಾಂಟಿನ ಜೇಬಿನಲ್ಲಿ ಒಂದು ಹೋಲ್ಡರು, ಎರಡು ತುಂಡು ವಯರು, ಅಂಗಿಯ ಜೇಬಿನಲ್ಲಿ ಬಲ್ಬು. ಪ್ಲಗ್ಗಿಗೆ ಸಿಕ್ಕಿಸಿದಾಗ ಬಲ್ಬು ಜೋರಾಗಿ ಉರಿದರೆ ಅರ್ತ್ ಉಂಟು, ಮಂಕಾದರೆ ಇಲ್ಲ. ಮನೆಗೆ ಹೋಗುವುದು, ಐದು ನಿಮಿಷ ಮಾತಾಡುವುದು, ಕೈ ತೊಳೆದು ಬರುತ್ತೇನೆ ಎಂದು ಇವರು ಹಿಂದೆ ಹೋಗುವುದು. ನಾನು ಕ್ಯಾಲೆಂಡರ್ ಓದುವುದು. ಬಂದು ಕೂತ ಮೇಲೆ ಇವರ ಮುಖ ನೋಡಿದರೆ ಆ ಮನೆಯವರು ಪಾಸೋ ಫೇಲೋ ಎಂದು ನನಗೆ ಗೊತ್ತಾಗುತ್ತಿತ್ತು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಇವರು ಬರೆದದ್ದು ಈಗಲೂ ಇದೆ. "ಪಂಜದ ದಾರಿಯ ಮನೆ, ಪ್ಲಗ್ ಒಳ್ಳೆಯದು, ಅರ್ತ್ ಇಲ್ಲ, ಅಕ್ಕಿಯ ಪುಂಡಿ ಬಹಳ ಒಳ್ಳೆಯದು. ಬಿಡಲಿಕ್ಕಾಗದು." "ಆಲೆಟ್ಟಿ, ಅರ್ತ್ ಉಂಟು, ತ್ರೀಫೇಸ್ ಬಂದು ಎಲ್ಲರ ಪಂಪು ಶುರುವಾದರೆ ವೋಲ್ಟೇಜ್ ಇಲ್ಲ. ಮಧ್ಯಾಹ್ನ ಹೋಗಬಾರದು, ನಾಯಿ ಕೂಡ ಉಂಟು."

ನಾವು ಮಾಡಿದ ತಪ್ಪು ಬೇರೆಯೇ ಇತ್ತು. ನಮ್ಮ ಕಡೆ ಗಂಡ ಹೆಂಡತಿ ಇಬ್ಬರೂ ಒಳ್ಳೆಯ ಬಟ್ಟೆ ಹಾಕಿ, ಭಾನುವಾರ, ಫೋನು ಮಾಡದೆ, ಮನೆಮನೆಗೆ ಹೋಗುವುದು ಒಂದೇ ಕಾರಣಕ್ಕೆ. ಹೇಳಿಕೆ ಕೊಡಲಿಕ್ಕೆ, ಎಂದರೆ ಮದುವೆಗೆ ಕರೆಯಲಿಕ್ಕೆ. ಕಾಗದ ಅಂಚೆಯಲ್ಲಿ ಕಳಿಸಿದರೆ, ಮೊಬೈಲಿಗೆ ಹಾಕಿದರೆ, ಅದು ಹೇಳಿಕೆ ಆಗುವುದಿಲ್ಲ. ಮನೆಗೆ ಬಂದು, ಕೂತು, ಬಾಯಲ್ಲಿ ಹೇಳಬೇಕು. ಮದುವೆಯ ವಯಸ್ಸಿಗೆ ಬಂದ ಮಗಳು ಮನೆಯಲ್ಲಿರುವ ನಾವು ಹಾಗೆ ನಾಲ್ಕು ಭಾನುವಾರ ತಿರುಗಿದೆವು. ಪ್ರತಿ ಮನೆಯವರೂ ನನ್ನ ಚೀಲವನ್ನೇ ನೋಡುತ್ತ ಕೂತಿದ್ದರು. ಚೀಲದಿಂದ ಕಾಗದ ಬರಲಿಲ್ಲ. ಮತ್ತೂ ಏನೋ ಗುಟ್ಟಿದೆ, ದಿನ ಇನ್ನೂ ಗೊತ್ತಾಗಲಿಲ್ಲ, ಅದಕ್ಕೆ ಮೊದಲೇ ಬಂದು ಮುಖ ತೋರಿಸಿ ಹೋಗುತ್ತಿದ್ದಾರೆ ಎಂದು ಅವರವರೇ ಮಾತಾಡಿಕೊಂಡರು.

ಐದನೆಯ ವಾರ ಮಗಳು ಶಾಲೆಯಿಂದ ಬಂದು ಚೀಲ ಇಡದೆ ನಿಂತಳು.

"ಅಮ್ಮ, ನನ್ನ ಮದುವೆ ಯಾವಾಗ? ಹೆಡ್‌ಮೇಡಂ ಕೇಳಿದ್ರು. ಪರೀಕ್ಷೆಯ ಸಮಯಕ್ಕೆ ಬಂದ್ರೆ ರಜೆ ಕೊಡ್ಲಿಕ್ಕಾಗುದಿಲ್ಲಂತೆ."

ನಾನು ಇವರ ಕಡೆ ನೋಡಿದೆ. ಇವರು ಬಲ್ಬನ್ನು ಒರೆಸುತ್ತಿದ್ದರು.

"ಹುಡುಗ ಯಾರು ಅಂತ ಕೇಳಿದ್ಯಾ?"

"ಇಲ್ಲ ಅಪ್ಪ."

"ಕೇಳ್ಬೇಕಿತ್ತು. ಅವರಲ್ಲಿ ಅರ್ತ್ ಉಂಟಾ ಅಂತ ನೋಡ್ಬಹುದಿತ್ತು."

ಅಜ್ಜಾವರದ ನನ್ನ ತಮ್ಮ ಮೊದಲಿನಿಂದಲೂ ನನ್ನ ಪಕ್ಷ. ಅವನಲ್ಲಿಗೆ ಪರೀಕ್ಷೆಗೆ ಹೋದಾಗ, ಇವರು ನೋಡಿ ಮುಗಿಸಿ ಬಲ್ಬು ಜೇಬಿಗೆ ಹಾಕುವಷ್ಟರಲ್ಲಿ ಶುರುಮಾಡಿದ.

"ಭಾವ, ಒಂದು ಮಾತು ಸರಿ ಹೇಳಿ. ನೀವು ಊಟಕ್ಕೆ ಬರುದಾ, ಕರೆಂಟಿಗೆ ಬರುದಾ?"

"ಎರಡಕ್ಕೂ. ನಿಮ್ಮಲ್ಲಿ ಕರೆಂಟು ಒಳ್ಳೆಯದುಂಟು. ಊಟ ಇನ್ನು ನೋಡ್ಬೇಕು."

"ಅಕ್ಕನಿಗೆ ದೊಡ್ಡದು ತೆಗ್ಸಿಕೊಡಿ ಮಾರಾಯ್ರೆ. ಅವಳು ಬಂದು ಹತ್ತು ನಿಮಿಷಕ್ಕೆ ಎದ್ದು ನಿಲ್ತಾಳೆ. ನಿಮ್ಮ ಸಣ್ಣ ಬ್ಯಾಟರಿಗೆ ಅಕ್ಕ ಸಾಕಾಗ್ಲಿಕ್ಕಿಲ್ಲ."

"ಅದಕ್ಕೇ ಸಣ್ಣದು" ಎಂದರು ಇವರು. "ಅಲ್ಲಿ ಇಲ್ಲಿ ಕೂತು ಕೂತು ಅವಳಿಗೂ ಚಾರ್ಜ್ ಆಗ್ಲಿ. ಮಾತಾಡುದು ನಾನು. ಅವಳು ಕೂತರೆ ಸಾಕು."

ಹೀಗೆ ಇದ್ದಾಗಲೇ ಕೊಯಿಲದ ಶನಿವಾರ ಬಂದದ್ದು. ಅಕ್ಕನ ಮನೆಯ ಪ್ಲಗ್ ಫೇಲಾಗಿತ್ತು. ಬೇರೆ ಯಾರನ್ನು ಫೇಲ್ ಮಾಡಿದರೂ ಅಕ್ಕನನ್ನು ಮಾಡಲು ಇವರಿಗೆ ಮನಸ್ಸಿರಲಿಲ್ಲ. ಅದಕ್ಕೆ ಆ ಹೊಂಡ.

ಮಾರನೆಯ ದಿನ ಬೆಳಿಗ್ಗೆ ಮೀನು ತರಲು ಹೊರಟು ಮೆಟ್ಟಿಲಲ್ಲಿ ಕೂತರು. ಒಂದು ಚಪ್ಪಲಿ ಹಾಕಿದ್ದರು. ಇನ್ನೊಂದನ್ನು ಹಾಕಲಿಲ್ಲ. ಮಗಳು ವ್ಯಾನಿನಲ್ಲಿ ಆಸ್ಪತ್ರೆಗೆ ಮುಟ್ಟಿಸಿದಳು. ಇವರು ಮುಟ್ಟಲಿಲ್ಲ.

ಆಸ್ಪತ್ರೆಯ ಹೊರಗೆ ಅತ್ತಿಗೆ ಡಾಕ್ಟರರನ್ನು ನಿಲ್ಲಿಸಿ, ಹೊಂಡ ತೋಡಿದ್ದರಿಂದ ಹೀಗಾಯಿತಾ ಎಂದು ಕೇಳಿದರು. ಅಲ್ಲ, ಇದು ಒಳಗೆ ಮೊದಲೇ ಇದ್ದದ್ದು ಎಂದರು ಡಾಕ್ಟರ್. ಅತ್ತಿಗೆ ತಲೆಯಾಡಿಸಿದರು. ಎರಡನೆಯ ಸಲ ಯಾರಲ್ಲಿಯೂ ಕೇಳಲಿಲ್ಲ.

ಉತ್ತರಕ್ರಿಯೆಗೂ ಹೇಳಿಕೆ ಉಂಟು. ಅದನ್ನೂ ಮನೆಗೆ ಹೋಗಿಯೇ ಹೇಳಬೇಕು. ಮಗಳೂ ತಮ್ಮನೂ ಕಾಗದ ಹಿಡಿದು ಹೋದರು, ಅವೇ ಮನೆಗಳಿಗೆ. ಪಂಜದ ದಾರಿಯ ಮನೆಯ ಅಜ್ಜಿಗೆ ಸುದ್ದಿ ಮುಟ್ಟಿರಲಿಲ್ಲ. ಮಗಳ ಕೈಯಲ್ಲಿ ಕಾಗದ ಕಂಡದ್ದೇ, "ಅಂತೂ ತಂದ್ಯಾ, ನಿನ್ನಪ್ಪ ಬಲ್ಬು ಹಿಡಿದು ಬಂದಾಗಲೇ ನನಗೆ ಗೊತ್ತಾಗಿತ್ತು, ಹುಡುಗ ಕರೆಂಟು ಆಫೀಸಿನವನೇ ಅಂತ" ಎಂದರಂತೆ. ಸಂಜೆ ಮನೆಗೆ ಬಂದು ಮಗಳು ಅದನ್ನು ನನಗೆ ಹೇಳಿದಳು. ಹೇಳುತ್ತ ನಕ್ಕಳು. ನಾನೂ ನಕ್ಕೆ. ಸಾವಿನ ಮನೆಯಲ್ಲಿ ಹಾಗೆ ನಗುವುದು ಸರಿಯಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಒಳಗಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಮತ್ತೂ ಸ್ವಲ್ಪ ನಕ್ಕೆವು.

ಒಂದು ತಿಂಗಳಾದ ಮೇಲೆ ಶೋರೂಮಿನಿಂದ ಫೋನು ಬಂತು. ಬುಕ್ ಮಾಡಿದ ಕಾರು ಬಂದಿದೆ ಎಂದರು. ನಾವು ಬುಕ್ ಮಾಡಿಲ್ಲ ಎಂದೆ. ಸರ್ ಮಾಡಿದ್ದಾರೆ, ಸಣ್ಣ ಬ್ಯಾಟರಿಯದ್ದು ಎಂದರು. ದಿನ ಕೇಳಿದೆ. ಕೊಯಿಲದ ಶನಿವಾರದ ಹಿಂದಿನ ದಿನ.

ನನಗೆ ಸಿಟ್ಟು ಬಂತು. ತೀರಿಹೋದವರ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲಿ ಒಂದು ಕಷ್ಟವಿದೆ, ಅದನ್ನು ಬಡಿಸುವುದು ಯಾರಿಗೆ ಎಂದು ಗೊತ್ತಾಗುವುದಿಲ್ಲ. ಮಗಳನ್ನು ಕರೆದುಕೊಂಡು ಶೋರೂಮಿಗೆ ಹೋದೆ. ದೊಡ್ಡದಕ್ಕೆ ಬದಲಿಸಲು ಆಗುತ್ತದಾ ಎಂದು ಕೇಳಿದೆ.

"ಆಗ್ತದೆ ಅಮ್ಮ. ಎರಡು ತಿಂಗಳು ಕಾಯ್ಬೇಕು" ಎಂದರು ಮೇಡಂ. ಮತ್ತೆ, ನಗುತ್ತಲೇ, "ಸರ್ ಹೇಳಿದ್ದಾರೆ, ಮನೆಯವರು ಬೈಲಿಕ್ಕೆ ಬರ್ತಾರೆ, ಬಂದ್ರೆ ಕೂಡಲೇ ನನಗೆ ಫೋನ್ ಮಾಡಿ, ನಾನು ಮಾತಾಡ್ತೇನೆ ಅಂತ" ಎಂದು ಹೇಳಿ ಮೊಬೈಲ್ ಕೈಗೆ ತೆಗೆದುಕೊಂಡರು.

ಅವರಿಗೆ ವಿಷಯ ಗೊತ್ತಿರಲಿಲ್ಲ. ಮಗಳು ಹೇಳಿದಳು. ಆ ಮೇಡಂ ಮೊಬೈಲನ್ನು ಮೇಜಿನ ಮೇಲೆ ಕವುಚಿ ಹಾಕಿ ಕೂತುಬಿಟ್ಟರು. ಅವರನ್ನು ಸಮಾಧಾನ ಮಾಡುವುದು ನನ್ನ ಕೆಲಸವಾಯಿತು. "ತೊಂದರೆ ಇಲ್ಲ, ನಾನು ಎರಡು ದಿನದಲ್ಲಿ ಹೇಳ್ತೇನೆ" ಎಂದು ಎದ್ದು ಬಂದೆ.

ತಮ್ಮ ಫೋನಿನಲ್ಲಿ, "ಇನ್ನು ಎಂತ ಯೋಚನೆ ಅಕ್ಕ? ದೊಡ್ಡದು. ನೀನು ಒಬ್ಬಳೇ ಕಾರು ಬಿಟ್ಟುಕೊಂಡು ಬರುವವಳು. ದಾರಿಯಲ್ಲಿ ಖಾಲಿ ಆಗಬಾರದು" ಎಂದ. ಅವನು ಹೇಳಿದ್ದು ಸರಿಯಾಗಿತ್ತು. ವ್ಯಾನು ಓಡಿಸಲು ಇವರು ನನಗೆ ಎಂದೋ ಕಲಿಸಿದ್ದರು, ಕಾರು ಇನ್ನು ನನ್ನ ಕೈಯಲ್ಲೇ. ಮಾತಾಡಬೇಕಾದವರು ಇಲ್ಲದ ಮೇಲೆ ನೆಂಟರ ಮನೆಗಳಲ್ಲಿ ನಾನು ಕೂತು ಮಾಡುವುದೇನು? ದೊಡ್ಡದೇ ಎಂದು ಗಟ್ಟಿ ಮಾಡಿಕೊಂಡೆ.

ಮಾರನೆಯ ದಿನ ಅತ್ತಿಗೆ ಫೋನು ಮಾಡಿದರು.

"ಕಾರು ಬಂತಂತಲ್ಲ. ಸಣ್ಣದಾ?"

"ದೊಡ್ಡದು ತೆಗೊಳ್ಳುವ ಅಂತ, ಅತ್ತಿಗೆ."

"ದೊಡ್ಡದಾದ್ರೆ ಇಲ್ಲಿ ಬಂದು ಕರೆಂಟು ಹಾಕ್ಲಿಕ್ಕೆ ಉಂಟಾ?"

"ಇಲ್ಲ. ಅದು ಹೋಗಿ ಬರ್ಲಿಕ್ಕೆ ಸಾಕಾಗ್ತದೆ."

ಅತ್ತಿಗೆ ಕೇಳಿದರು. "ಹಾಗಾದ್ರೆ ನಾನು ದಿನಾ ನೀರು ಹಾಕುದು ಎಂತಕ್ಕೆ?"

ಅವರು ನೀರು ಹಾಕುತ್ತಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ. ಆ ಹೊಂಡವನ್ನು ಅವರು ಮುಚ್ಚಿಸಿರಬಹುದು, ಆ ಕಡೆ ಹೋಗುವುದನ್ನೇ ಬಿಟ್ಟಿರಬಹುದು ಎಂದುಕೊಂಡಿದ್ದೆ. ಮಾತು ಬಾರದವಳಿಗೆ ಉತ್ತರ ಕೊಡುವುದಕ್ಕಿಂತ ಕಾರು ತೆಗೆದುಕೊಳ್ಳುವುದು ಸುಲಭ. ಸಣ್ಣದನ್ನೇ ತೆಗೆದುಕೊಂಡೆ.

ಮೊದಲನೆಯ ಪ್ರಯಾಣ ಕೊಯಿಲಕ್ಕೆ. ಮಗಳಿಗೆ ಶಾಲೆ ಇತ್ತು, ನಾನೊಬ್ಬಳೇ ಹೋದೆ. ಬ್ಯಾಟರಿಯಲ್ಲಿ ಇನ್ನೂ ನೂರೈವತ್ತು ಕಿಲೋಮೀಟರ್ ಇತ್ತು. ಅಲ್ಲಿ ಕರೆಂಟು ಹಾಕುವ ಅಗತ್ಯ ಏನೇನೂ ಇರಲಿಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತಿಗೆ ಶೆಡ್ಡಿನ ಬಾಗಿಲು ತೆರೆದು, ಗ್ರೈಂಡರನ್ನು ಬದಿಗೆ ಸರಿಸಿ, ಪ್ಲಗ್ಗನ್ನು ಸೆರಗಿನಿಂದ ಒರೆಸಿ ನಿಂತಿದ್ದರು.

ಹೊಂಡದ ಬದಿಯಲ್ಲಿ ಬಸಳೆ ಹಬ್ಬಿತ್ತು. ನೀರು ಹೇಗೂ ಹಾಕುತ್ತೇನಲ್ಲ ಎಂದು ಒಂದು ತುಂಡು ಬಳ್ಳಿ ಊರಿದ್ದರಂತೆ. ಅದು ಶೆಡ್ಡಿನ ಮಾಡಿನವರೆಗೆ ಏರಿತ್ತು. ಅಷ್ಟು ದಪ್ಪ ಎಲೆಯ ಬಸಳೆಯನ್ನು ನಾನು ನೋಡಿರಲಿಲ್ಲ.

ವಯರು ಸಿಕ್ಕಿಸಿದೆ. ಹಸಿರು ದೀಪ ಬಂತು.

"ಬಂತಾ?" ಎಂದರು ಅತ್ತಿಗೆ.

"ಬಂತು ಅತ್ತಿಗೆ. ಪಾಸು."

ಊಟಕ್ಕೆ ಬಸಳೆಯದೇ ಪದಾರ್ಥ.

"ಉಪ್ಪು ಸರಿ ಉಂಟಾ ನೋಡು."

"ನೋಡ್ಲಿಕ್ಕೆ ಎಂತ ಉಂಟು? ಬುಡಕ್ಕೇ ಎರಡು ಕಿಲೋ ಹಾಕಿದ್ದಾರಲ್ಲ."

ಇದು ನನ್ನ ಬಾಯಿಂದ ಬಂತು. ಅತ್ತಿಗೆ ಬಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು, ಮತ್ತೆ ಸೌಟು ಹಿಡಿದುಕೊಂಡೇ ನಕ್ಕರು. ಅನ್ನ ಉಂಡೆವು, ಮಜ್ಜಿಗೆ ಕುಡಿದೆವು. ಅತ್ತಿಗೆ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಅಂಗಳದ ಕಡೆ ನೋಡುತ್ತ ಕೂತರು. ನಾನು ಕ್ಯಾಲೆಂಡರ್ ಓದಿದೆ.

"ಇನ್ನೂ ನೀರು ಹಾಕ್ಬೇಕಾ?" ಎಂದು ಅವರು ಕೇಳಿದರು.

"ಗೊತ್ತಿಲ್ಲ ಅತ್ತಿಗೆ. ಹಾಕ್ತಾ ಇರಿ."

ಹೊರಡುವಾಗ ನೋಡಿದರೆ ಕಾರಿನಲ್ಲಿ ನೂರ ಎಂಬತ್ತು ತೋರಿಸುತ್ತಿತ್ತು. ಊಟಕ್ಕೆ ಮೂವತ್ತು ಎಂದು ಇವರು ಹಾಕಿದ ಲೆಕ್ಕ ಸರಿಯಾಗಿಯೇ ಇತ್ತು. ಆ ಒಂದೂವರೆ ಗಂಟೆ ನಾನು ಕೂರುವುದು, ಇವರು ಮಾತಾಡುವುದು ಎಂದು ನಮ್ಮಲ್ಲಿ ಒಪ್ಪಂದವಾಗಿತ್ತು. ನಾನು ಕೂತಿದ್ದೆ. ಮಾತಾಡುವವರು ಇಲ್ಲ.